ಅಚ್ಚುಕಟ್ಟು ಅಂತ ಬರೆಯೋಕೆ ಹನ್ನೊಂದು ಕ್ಲಿಕ್ಕು

ಅಲ್ಲಾ ಅಕ್ಕ, ನಿಮ್ಮ ಯಜಮಾನ್ರು ಮತ್ತೆ ಬರೆಯೋಕೆ ಕೂತಿದ್ದಾರೆ ಅಂತ ಕೇಳಿ ಬಹಳ ಸಂತೋಷ ಆಯ್ತು. ಲಕ್ವ ಹೊಡೆದು ಬಲಗೈ ಬಿದ್ದುಹೋಯ್ತು, ಎಡಗೈ ನಡುಗುತ್ತೆ. ಆದ್ರೂ ಊರಿನ ಕೆರೆಗಳ ಚರಿತ್ರೆ ಅರ್ಧಕ್ಕೆ ನಿಲ್ಲಬಾರದು ಅಂತಾರಲ್ಲ, ಅದು ಸಣ್ಣ ಮಾತಲ್ಲ. ಮಾಮೂಲಿ ಕೀಬೋರ್ಡಲ್ಲಿ ಒಂದು ಒತ್ತೋಕೆ ಹೋದ್ರೆ ಮೂರು ಒತ್ತಿಹೋಗುತ್ತೆ. ಮೌಸ್ ಒಂದು ಹೇಗೋ ಹಿಡಿತಕ್ಕೆ ಬಂದಿದೆ ಅಂದ್ರಿ. ಫೋನಲ್ಲಿ ಮುಟ್ಟಿದ ತಕ್ಷಣ ಕೀಬೋರ್ಡು ಎದ್ದು ಬರುತ್ತೆ, ಕಂಪ್ಯೂಟರಲ್ಲಿ ಯಾಕಿಲ್ಲ ಅಂತ ನೀವು ಕೇಳಿದ್ದು ಸರಿಯಾಗೇ ಇದೆ.

ಇದೆ ಅಕ್ಕ. ವಿಂಡೋಸ್‌ನಲ್ಲಿ ಒಂದಲ್ಲ, ಎರಡಿವೆ. ಟಚ್ ಕೀಬೋರ್ಡ್ ಅಂತ ಒಂದು. ಅದು ಬೆರಳು ಚೆನ್ನಾಗಿ ಆಡೋರು ಟ್ಯಾಬ್ಲೆಟ್ ಮೇಲೆ ಒತ್ತೋಕೆ ಮಾಡಿದ್ದು. ನಿಮಗೆ ಬೇಕಾದ್ದು ಇನ್ನೊಂದು: ಸೆಟ್ಟಿಂಗ್ಸ್‌ಗೆ ಹೋಗಿ, ಆಕ್ಸೆಸಿಬಿಲಿಟಿ, ಅದರೊಳಗೆ ಕೀಬೋರ್ಡ್, ಅಲ್ಲಿ ಆನ್-ಸ್ಕ್ರೀನ್ ಕೀಬೋರ್ಡ್ ಅಂತ ಇರುತ್ತೆ. ಶಾರ್ಟ್‌ಕಟ್ಟೂ ಇದೆ, ಆದ್ರೆ ಅದಕ್ಕೆ ವಿಂಡೋಸ್, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಬೇಕು. ನಿಮ್ಮ ಯಜಮಾನ್ರಿಗೆ ಅದು ಆಗದ ಕೆಲಸ, ಬಿಡಿ. ಈ ಆನ್-ಸ್ಕ್ರೀನ್ ಕೀಬೋರ್ಡಲ್ಲಿ ಒತ್ತೋ ಬಗೆ ಮೂರಿವೆ. ಮೌಸಿಂದ ಕ್ಲಿಕ್ ಮಾಡಬಹುದು. ಕ್ಲಿಕ್ ಮಾಡೋಕೆ ಆಗದಿದ್ರೆ ಬಾಣವನ್ನ ಕೀ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿದ್ರೆ ಸಾಕು, ತಾನೇ ಒತ್ಕೊಳ್ಳುತ್ತೆ. ಮೌಸೂ ಆಗದೋರಿಗೆ ಸ್ಕ್ಯಾನ್: ಸಾಲು ಸಾಲಾಗಿ ಬೆಳಕು ಓಡ್ತಾ ಇರುತ್ತೆ, ಬೇಕಾದ ಸಾಲಿಗೆ ಬಂದಾಗ ಒಂದು ಸ್ವಿಚ್ ಒತ್ತೋದು, ಆ ಸಾಲಿನೊಳಗೆ ಬೇಕಾದ ಕೀಗೆ ಬಂದಾಗ ಮತ್ತೆ ಒತ್ತೋದು. ಸ್ಟೀಫನ್ ಹಾಕಿಂಗ್ ಬರೀತಿದ್ದದ್ದೂ ಇದೇ ಕ್ರಮದಲ್ಲಿ. ಕನ್ನಡಕಕ್ಕೆ ಸಿಕ್ಕಿಸಿದ ಸೆನ್ಸರು ಅವರ ಕೆನ್ನೆ ಅಲುಗಿದ್ದನ್ನ ಗುರುತು ಹಿಡೀತಿತ್ತು, ಅಷ್ಟರಿಂದಲೇ ಅಕ್ಷರ ಆರಿಸ್ತಿದ್ರು. ಅವರಿಗೋಸ್ಕರ ಇಂಟೆಲ್ ಮಾಡಿಕೊಟ್ಟ ಸಾಫ್ಟ್‌ವೇರನ್ನ 2015ರಲ್ಲಿ ಯಾರು ಬೇಕಾದ್ರೂ ಬಳಸಲಿ ಅಂತ ಬಿಟ್ಟುಕೊಟ್ರು.

ಕನ್ನಡಕ್ಕೆ ಬಂದ್ರೆ ಕಷ್ಟ ಗೊತ್ತಾಗುತ್ತೆ. ಕೆರೆ ವಿಷಯ ಅಂದ್ಮೇಲೆ ಪುಟಕ್ಕೆ ನಾಲ್ಕು ಸಲ ‘ಅಚ್ಚುಕಟ್ಟು’ ಅಂತ ಬರೀಲೇಬೇಕಲ್ಲ. ಇನ್‌ಸ್ಕ್ರಿಪ್ಟ್ ಅನ್ನೋ ಕೀಬೋರ್ಡ್ ವಿನ್ಯಾಸದಲ್ಲಿ ‘ಅ’ಗೆ ಮೊದಲು ಶಿಫ್ಟು, ಆಮೇಲೆ ಅಕ್ಷರ. ಚ, ಅರ್ಧಾಕ್ಷರದ ಕೀ, ಮತ್ತೆ ಚ, ಕೊಂಬು, ಕ, ಟ, ಮತ್ತೆ ಅರ್ಧಾಕ್ಷರದ ಕೀ, ಟ, ಕೊಂಬು. ಒಂದು ಪದಕ್ಕೆ 11 ಕ್ಲಿಕ್ಕು. ಸ್ಕ್ಯಾನ್‌ನಲ್ಲಿ ಬರೆಯೋರಿಗೆ ಒಂದೊಂದು ಕೀಗೂ ಎರಡು ಸಲ ಅಂತ ಹಿಡಿದ್ರೂ 22 ಸಲ ಸ್ವಿಚ್ ಒತ್ತಬೇಕು. ಪ್ರತಿ ಸಲ ಬೆಳಕು ಬರೋವರೆಗೂ ಕಾಯಬೇಕು. ಇಂಗ್ಲಿಷಿನೋರಿಗೆ ಎರಡಕ್ಷರ ಒತ್ತೋದ್ರೊಳಗೆ ಮೇಲುಗಡೆ ಇಡೀ ಪದ ತೋರಿಸುತ್ತೆ. ಈ ಕೀಬೋರ್ಡಿನ ಆ ಸೌಲಭ್ಯ ಇಂಗ್ಲಿಷ್, ಫ್ರೆಂಚ್, ಇಟಾಲಿಯನ್, ಜರ್ಮನ್, ಸ್ಪ್ಯಾನಿಷ್ ಐದಕ್ಕೇ. ಒತ್ತಕ್ಷರ, ಕಾಗುಣಿತ ಇರೋ ನಮಗೇ ಅದು ಎಲ್ಲಕ್ಕಿಂತ ಹೆಚ್ಚಾಗಿ ಬೇಕು, ನಮಗೇ ಇಲ್ಲ. ನಿಜವಾಗಿ ಹೊಟ್ಟೆ ಉರಿಯುತ್ತೆ ಅಕ್ಕ.

ಹಾಂ, ನಿಮ್ಮ ಯಜಮಾನ್ರು ನುಡಿ ಸಾಫ್ಟ್‌ವೇರಲ್ಲಿ ಬರೀತಿದ್ದೋರಲ್ವಾ? ನುಡಿ, ಬರಹ ಯಾವುದೇ ಆಗಲಿ, ಪರದೆ ಮೇಲಿನ ಕೀಗಳಲ್ಲಿ ಕಾಣೋದು ಇಂಗ್ಲಿಷ್ ಅಕ್ಷರಗಳೇ. ಯಾವುದನ್ನ ಒತ್ತಿದ್ರೆ ಯಾವ ಕನ್ನಡಕ್ಷರ ಅನ್ನೋದು ತಲೇಲಿರಬೇಕು. ವಿಂಡೋಸ್‌ನ ಭಾಷೆಗಳಲ್ಲಿ ಕನ್ನಡ ಸೇರಿಸಿ ಇನ್‌ಸ್ಕ್ರಿಪ್ಟ್ ಆರಿಸಿಕೊಟ್ರೆ ಕೀಗಳೇ ಕನ್ನಡದಲ್ಲಿ ಕಾಣ್ತವೆ. ಹೊಸದಾಗಿ ಕಲಿಯೋಕೆ ಬೇಸರ ಆದ್ರೂ ಅದೇ ವಾಸಿ.

ನಿಮ್ಮ ತಮ್ಮನ ಮಗ ಲಿನಕ್ಸ್ ಹಾಕಿಸಿ ಅಂದ ಅಂದ್ರಲ್ಲ, ಸ್ವಲ್ಪ ತಡೀರಿ. ಅಲ್ಲಿ ಗ್ನೋಮ್ ಅನ್ನೋ ವ್ಯವಸ್ಥೆಗೆ ‘ಗಾಕ್’ ಅಂತ ಒಂದು ಕೀಬೋರ್ಡಿತ್ತು. ಅಕ್ಷರ ಅಷ್ಟೇ ಅಲ್ಲ, ತೆರೆದಿರೋ ಪ್ರೋಗ್ರಾಮಿನ ಮೆನುಗಳನ್ನೂ ದೊಡ್ಡ ದೊಡ್ಡ ಕೀಗಳಾಗಿ ಮಾಡಿ ಮುಂದಿಡ್ತಿತ್ತು, ಒಂದೇ ಸ್ವಿಚ್ಚಿನೋರಿಗೂ ಕೆಲಸ ಮಾಡ್ತಿತ್ತು. 2011ರಲ್ಲಿ ಗ್ನೋಮ್ 3 ಬಂದಾಗ ಅದನ್ನ ಕೈಬಿಟ್ರು. ಆನ್‌ಬೋರ್ಡ್ ಅಂತ ಇನ್ನೊಂದು ಒಳ್ಳೇದಿತ್ತು, ಅದು ಪರದೆ ಮೇಲೆ ಕಿಟಕಿಗಳನ್ನ ತೋರಿಸೋ ಹಳೇ ಎಕ್ಸ್ ವ್ಯವಸ್ಥೆಯನ್ನ ನಂಬಿಕೊಂಡು ಮಾಡಿದ್ದು. ಅದರ ಜಾಗಕ್ಕೆ ಈಗ ಬಂದಿರೋ ವೇಲ್ಯಾಂಡ್‌ನಲ್ಲಿ ಒಂದು ಪ್ರೋಗ್ರಾಮು ಇನ್ನೊಂದರ ಕಿಟಕಿಯೊಳಗೆ ಅಕ್ಷರ ತುಂಬೋ ಹಾಗಿಲ್ಲ. ಕಳ್ಳ ಸಾಫ್ಟ್‌ವೇರ್ ಬರಬಾರದು ಅಂತ ಮಾಡಿದ್ದು, ಅದರಲ್ಲಿ ತಪ್ಪಿಲ್ಲ. ಆದ್ರೆ ಪರದೆ ಮೇಲಿನ ಕೀಬೋರ್ಡು ಮಾಡೋ ಕೆಲಸವೇ ಅದು! ಅದಕ್ಕೊಂದು ದಾರಿ ಬಿಟ್ಟು ಆಮೇಲೆ ಬಾಗಿಲು ಹಾಕಬೇಕಿತ್ತು. ಗ್ನೋಮ್‌ನದೇ ಕೀಬೋರ್ಡ್ ಈಗಲೂ ಇದೆ, ಬೆರಳಲ್ಲಿ ಮುಟ್ಟೋರಿಗೆ ಚೆನ್ನಾಗಿದೆ, ಸ್ಕ್ಯಾನ್ ಇಲ್ಲ.

ಇನ್ನು ಪಾಸ್‌ವರ್ಡು. ವಿಂಡೋಸ್ ಶುರುವಾಗೋ ಪರದೆಯಲ್ಲೇ ಬಲಗಡೆ ಕೆಳಮೂಲೇಲಿ ಒಂದು ಗುರುತಿದೆ, ಅದನ್ನ ಒತ್ತಿದ್ರೆ ಅಲ್ಲೂ ಕೀಬೋರ್ಡ್ ಬರುತ್ತೆ. ತಾಪತ್ರಯ ಇರೋದು ಬ್ಯಾಂಕಿನ ಪುಟದಲ್ಲಿ. ನಮ್ಮ ಬ್ಯಾಂಕೊಂದು ತನ್ನದೇ ಚಿಕ್ಕ ಕೀಬೋರ್ಡ್ ತೋರಿಸುತ್ತೆ, ಒತ್ತೋ ಕೀಗಳನ್ನ ಕದ್ದು ನೋಡೋ ಕಳ್ಳರಿಗೆ ಗೊತ್ತಾಗಬಾರದು ಅಂತ ಅಂಕಿಗಳ ಜಾಗ ಪ್ರತಿ ಸಲ ಅದಲು ಬದಲು. ಕೈ ನಡುಗೋರಿಗೆ ಕೀ ತೀರಾ ಚಿಕ್ಕದು. ಕಣ್ಣು ಕಾಣದೋರಿಗೆ ಅವೆಲ್ಲ ಹೆಸರಿಲ್ಲದ ಚಿತ್ರಗಳು, ಓದಿ ಹೇಳೋ ಸಾಫ್ಟ್‌ವೇರಿಗೆ ಬಾಯೇ ಬರೋಲ್ಲ. ಹುಡುಕಿ ಒತ್ತೋದ್ರೊಳಗೆ ಸಮಯ ಮುಗೀತು ಅಂತ ಹೊರಗೆ ಹಾಕುತ್ತೆ.

ಇದು ದಯೆ ತೋರಿಸಿ ಅಂತ ಕೇಳೋ ವಿಷಯ ಅಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಆಸಿಡ್ ದಾಳಿಗೆ ಸಿಕ್ಕವರು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸೋಕೆ ಆಗದೆ ಕೆವೈಸಿ ತಪ್ಪಿಹೋದದ್ದಕ್ಕೆ ಸುಪ್ರೀಂ ಕೋರ್ಟಿಗೆ ಹೋಗಿದ್ರು. 2025ರ ಏಪ್ರಿಲ್ 30ರಂದು ಕೋರ್ಟು, ಡಿಜಿಟಲ್ ಸೇವೆ ಕೈಗೆಟುಕೋದು 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಹೇಳಿದೆ. ಬ್ಯಾಂಕಿಗೆ ದೂರು ಬರೆಯೋವಾಗ ಇದನ್ನೂ ಸೇರಿಸಿ ಬರೀರಿ, ನಾನೂ ಸಹಿ ಹಾಕ್ತೀನಿ.

ಮತ್ತೆ ನಿಮ್ಮ ಮಗಳು ಸಾಫ್ಟ್‌ವೇರ್ ಕಂಪನೀಲಿ ಇದಾಳಲ್ಲ, ಅವಳಿಗೊಂದು ಮಾತು ಹೇಳಿ. ಏನೇ ಮಾಡಿ ಹೊರಗೆ ಬಿಡೋಕೆ ಮುಂಚೆ ಕೀಬೋರ್ಡಿನ ವೈರು ಕಿತ್ತಿಟ್ಟು, ಲಾಗಿನ್‌ನಿಂದ ಹಿಡಿದು ಸೇವ್ ಮಾಡೋವರೆಗೂ ಬರೀ ಪರದೆ ಮೇಲಿನ ಕೀಬೋರ್ಡಲ್ಲೇ ಒಂದು ಸಲ ಮಾಡಿ ನೋಡಲಿ. ಟೈಪ್ ಮಾಡೋ ಜಾಗವನ್ನ ಕೀಬೋರ್ಡೇ ಮುಚ್ಚುತ್ತಾ, ಕೀ ಒತ್ತಿದ ಕೂಡಲೇ ಕರ್ಸರ್ ಓಡಿಹೋಗುತ್ತಾ, ಮೆನು ಮುಚ್ಚಿಕೊಳ್ಳುತ್ತಾ ಅಂತ ಅವಳೇ ಕಣ್ಣಾರೆ ನೋಡಲಿ. ಕನ್ನಡದಲ್ಲೂ ಒಂದು ಪುಟ ಬರೆದು ನೋಡಲಿ, ಎಲ್ಲಿ ಕೈ ಕಟ್ಟಿತೋ ಅದನ್ನ ಸರಿಮಾಡಿಯೇ ಜನರ ಕೈಗೆ ಕೊಡಲಿ.