ಖಾಲಿ ಕುರ್ಚಿಗಳನ್ನಾದರೂ ಕಳಿಸಿ

ಬೆಂಗಳೂರಿನ ಎಂ.ಎಸ್. ಬಿಲ್ಡಿಂಗು, ವಿಕಾಸಸೌಧಗಳಲ್ಲಿ ಬಿಡಾರ ಹೂಡಿರುವ ಸಮಸ್ತ ಇಲಾಖೆಗಳಿಗೆ,

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಹೀಗೆ ಪಾಂಡವಪುರ ಉಪವಿಭಾಗದ ನಾಲ್ಕೂ ತಾಲ್ಲೂಕಿನವರ ಸಾಷ್ಟಾಂಗ ನಮಸ್ಕಾರ.

ಕಚೇರಿಗಳನ್ನು ಬೆಂಗಳೂರಿನಿಂದಾಚೆ ಕಳಿಸಬೇಕೆಂಬ ಮಾತೆದ್ದಾಗಲೆಲ್ಲ ತಮಗೆ ಜ್ವರ ಬರುತ್ತದಂತೆ. ಸ್ಥಳಾಂತರದ ವಿಷಯದಲ್ಲಿ ನಮ್ಮಷ್ಟು ಪಳಗಿದವರು ಯಾರಿದ್ದಾರೆ ಹೇಳಿ? 1799ರಲ್ಲಿ ಶ್ರೀರಂಗಪಟ್ಟಣದಿಂದ ರಾಜಧಾನಿಯೇ ಮೈಸೂರಿಗೆ ಎದ್ದುಹೋಯಿತು. ಇಲ್ಲಿನ ಸೊಳ್ಳೆಗೆ ಹೆದರಿ ಇಂಗ್ಲಿಷರ ದಂಡು ಬೆಂಗಳೂರು ಸೇರಿತು. 1831ರಲ್ಲಿ ಬ್ರಿಟಿಷ್ ಕಮಿಷನ್ ಬಂದ ಮೇಲೆ ಮೈಸೂರಿನ ಆಡಳಿತವೂ ಅದೇ ದಾರಿ ಹಿಡಿಯಿತು. ಮಕ್ಕಳ ಶಾಲೆಗೆ ತೊಂದರೆಯೆಂದು ಆಗ ಯಾರೂ ಮನವಿ ಕೊಟ್ಟಂತಿಲ್ಲ. ಎಲ್ಲರೂ ಹೋದ ಮೇಲೆ ಉಳಿದ ನಾವು ಪ್ರವಾಸಿಗಳಿಗೆ ಉಪ್ಪು-ಖಾರ ಸವರಿದ ಸೌತೆಕಾಯಿ ಮಾರುತ್ತಿದ್ದೇವೆ.

ಉಳಿದ ತಾಲ್ಲೂಕುಗಳಿಂದ ಹೋದದ್ದು ಕಚೇರಿಯಲ್ಲ, ಜನ. ಕೆ.ಆರ್. ಪೇಟೆ, ನಾಗಮಂಗಲದ ಎಷ್ಟು ಮಂದಿ ಮುಂಬೈಯಲ್ಲಿ ದುಡಿಯುತ್ತಿದ್ದರೆಂಬುದು ಸರ್ಕಾರದ ಕಣ್ಣಿಗೆ ಬಿದ್ದದ್ದು 2020ರ ಮೇ ತಿಂಗಳಲ್ಲಿ, ಕೊರೊನಾ ದೆಸೆಯಿಂದ ಅವರು ಊರಿಗೆ ಮರಳಿ ಕ್ವಾರಂಟೈನಿನಲ್ಲಿ ಕೂತಾಗ. ಆಗ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರೂ ನಮ್ಮ ಬೂಕನಕೆರೆಯವರೇ. ಶಿಕಾರಿಪುರಕ್ಕೆ ಹೋಗಿ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾದವರು. ಊರು ಬಿಟ್ಟರೇ ಉದ್ಧಾರ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಹಾಗಂತ ಇಡೀ ನಿರ್ದೇಶನಾಲಯವನ್ನೇ ಕೇಳುವಷ್ಟು ದಡ್ಡರಲ್ಲ ನಾವು. ಕಟ್ಟಡ ಬಂದರೂ ಸಾಹೇಬರು ಬರುವುದಿಲ್ಲವೆಂದು ಗೊತ್ತು. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. 2022ರಲ್ಲಿ ಕೂಲಿ ಹೆಂಗಸೊಬ್ಬರು ಅದರ ಮುಂದೆ ಶ್ಯಾವಿಗೆ ಒಣಹಾಕಿ ಸುದ್ದಿಯಾದರು. (ಅಧಿವೇಶನವಿಲ್ಲದ ದಿನಗಳಲ್ಲಿ ಅಲ್ಲಿ ಆದ ಅತಿ ಉಪಯುಕ್ತ ಕೆಲಸ ಅದೇ ಇರಬೇಕು.) ನಮ್ಮಲ್ಲೂ ಅಷ್ಟೆ: ಬೋರ್ಡು ನಾಗಮಂಗಲದಲ್ಲಿ, ಸಾಹೇಬರ ಸಂಸಾರ ಮೈಸೂರಿನಲ್ಲಿ, ನಾಲ್ಕೂವರೆಗೆಲ್ಲ ಟಿಫನ್ ಬ್ಯಾಗು ಬಸ್‌ಸ್ಟ್ಯಾಂಡಿನಲ್ಲಿ.

ಆದ್ದರಿಂದ ಒಂದು ಬಿನ್ನಹ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಇವೆಯೆಂದು ಸರ್ಕಾರವೇ ಹೇಳಿದೆ. ಭರ್ತಿಯಾದ ಕುರ್ಚಿಗಳು ತಮ್ಮಲ್ಲೇ ಇರಲಿ, ಖಾಲಿಯವನ್ನು ಇತ್ತ ವರ್ಗ ಮಾಡಿ. ಅವು ಧರಣಿ ಕೂರುವುದಿಲ್ಲ, ಕೆಎಟಿಗೆ ಹೋಗಿ ತಡೆಯಾಜ್ಞೆ ತರುವುದಿಲ್ಲ, ಶಾಸಕರ ಶಿಫಾರಸು ಪತ್ರ ಹಿಡಿದು ಅಲೆಯುವುದಿಲ್ಲ. ಕೂರುವವರಿಗೇನೂ ಬರವಿಲ್ಲ. ಎಫ್‌ಡಿಎ ಗೈಡು ತಿರುವುತ್ತ, ಅಧಿಸೂಚನೆ ಮೊದಲೋ ವಯೋಮಿತಿ ಮೊದಲೋ ಎಂದು ಕಾಯುತ್ತಿರುವವರಿಂದ ನಮ್ಮ ಲೈಬ್ರರಿಗಳು ತುಂಬಿವೆ.

ಲಾರಿ ಬಾಡಿಗೆ ನಾವೇ ಚಂದಾ ಎತ್ತಿ ಕೊಡುತ್ತೇವೆ. ಗಣಂಗೂರು ಟೋಲಿನ ದುಡ್ಡು ಮಾತ್ರ ತಮ್ಮದು.

ಇತಿ,
ನಾಲ್ಕು ತಾಲ್ಲೂಕಿನ ಪದವೀಧರರು