ಆರಿದ ಚಾ

ನಮ್ಮ ಹಾನಗಲ್ ಕಡೆ ಯಾರಿಗಾದರೂ ಅವಮಾನ ಮಾಡಬೇಕೆಂದರೆ ಬೈಯುವ ತ್ರಾಸು ತಗೊಳ್ಳಬೇಕಾಗಿಲ್ಲ. ಆರಿದ ಚಾ ಕೊಟ್ಟರೆ ಸಾಕು. ಬೈಗುಳವನ್ನು ಜನ ನಾಲ್ಕು ದಿನಕ್ಕೆ ಮರೆಯುತ್ತಾರೆ, ಆರಿದ ಚಾವನ್ನು ಮರೆಯುವುದಿಲ್ಲ. ನಮ್ಮ ಸೋದರತ್ತೆ ಶಿಗ್ಗಾಂವಿ ತಾಲೂಕಿನ ಬಂಕಾಪುರದವರು. ಮಗನಿಗೆ ಕನ್ಯಾ ನೋಡಲು ಹೋದ ಒಂದು ಮನೆಯಲ್ಲಿ ಚಾ ಆರಿತ್ತು ಎಂಬ ಒಂದೇ ಕಾರಣಕ್ಕೆ ಆ ಸಂಬಂಧ ಬಿಟ್ಟು ಎದ್ದು ಬಂದವರು. "ಹುಡುಗಿ ಬಂಗಾರದಂಥಾಕಿ ಇದ್ಲು ತಮ್ಮಾ, ಖರೇ. ಆದ್ರ ಚಾ ಆರಿತ್ತು" ಎಂದು ಈಗಲೂ ಹೇಳುತ್ತಾರೆ. ಈ ಮಾತು ಬಂದಾಗಲೆಲ್ಲ ಅವರ ಮಗ ಎದ್ದು ಅಂಗಳಕ್ಕೆ ಹೋಗುತ್ತಾನೆ.

ಇಂಥ ನಾಡಿನಲ್ಲಿ ಇದ್ದುಕೊಂಡು, ಹೋದ ಬೇಸಗೆಯಲ್ಲಿ ನಾನು ಚಾವನ್ನು ಬೇಕೆಂದೇ ಆರಿಸಿ, ಸಾಲದ್ದಕ್ಕೆ ಅದರೊಳಗೆ ಬರ್ಫಿನ ತುಂಡು ಹಾಕಿ, ಮನೆಗೆ ಬಂದ ಬೀಗರು-ಬಿಜ್ಜರಿಗೆ ಕೊಟ್ಟೆ. ಅದೂ ಬಸವ ಜಯಂತಿಯ ದಿನ.

ತಪ್ಪು ಮಗಳದು. ಬೆಂಗಳೂರಿನಿಂದ ರಜೆಗೆ ಬಂದವಳು, ಕರೆಂಟು ಹೋದ ಮಟಮಟ ಮಧ್ಯಾಹ್ನದಲ್ಲಿ ನಾನು ಹೆಗಲ ಮೇಲಿನ ಟವೆಲ್ಲಿನಿಂದ ಬೆವರು ಒರೆಸಿಕೊಳ್ಳುತ್ತ ಆ ದಿನದ ಐದನೆಯ ಚಾ ಕುಡಿಯುವುದನ್ನು ನೋಡಿ, "ಅಪ್ಪಾ, ಈ ಧಗಿಯೊಳಗ ಬಿಸಿ ಚಾ ಯಾಕ? ನಮ್ಮಲ್ಲಿ ಎಲ್ಲಾರೂ ಐಸ್ ಟೀ ಕುಡೀತಾರ" ಎಂದಳು. ಒಂದು ಗ್ಲಾಸಿಗೆ ಎಷ್ಟು ಎಂದು ಕೇಳಿದೆ. 180 ರೂಪಾಯಿ ಅಂದಳು. ಅಷ್ಟು ರೊಕ್ಕಕ್ಕೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಇಡೀ ಬಸ್ಸಿಗೆ ಚಾ ಕುಡಿಸಬಹುದಲ್ಲ ಎನಿಸಿ ನನ್ನೊಳಗಿನ ನಿವೃತ್ತ ಗಣಿತ ಮೇಷ್ಟ್ರು ಎಚ್ಚೆತ್ತ. ಚಾಪುಡಿ ಮನೆಯಲ್ಲಿದೆ, ನೀರು ಮನೆಯಲ್ಲಿದೆ, ಬರ್ಫ್ ಆಗುವ ಪೆಟ್ಟಿಗೆಯೂ ಇದೆ. ಉಳಿದದ್ದೇನು?

ಮಗಳು ಮೊಬೈಲು ತೆಗೆದು ಇತಿಹಾಸವನ್ನೂ ಓದಿ ಹೇಳಿದಳು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ ದೊಡ್ಡ ಜಾಗತಿಕ ಜಾತ್ರೆಯಾಯಿತಂತೆ. ರಿಚರ್ಡ್ ಬ್ಲೆಚಿಂಡನ್ ಎಂಬವ ಭಾರತದ ಚಾ ಪ್ರಚಾರ ಮಾಡಲು ಅಲ್ಲಿ ಮಳಿಗೆ ಹಾಕಿದ್ದ. ಬಿಸಿಲಿಗೆ ಬೆಂದ ಜನ ಬಿಸಿ ಚಾ ಮುಟ್ಟಲಿಲ್ಲ. ಅವ ಅದನ್ನು ಬರ್ಫಿನ ಮೇಲೆ ಸುರಿದು ಕೊಟ್ಟ, ಜನ ಮುಗಿಬಿದ್ದರು. ನನಗೆ ರೋಮಾಂಚನವಾಯಿತು. ಅದೇ 1904ರಲ್ಲಿ ಅಲ್ಲವೇ ನಮ್ಮ ಹಾನಗಲ್ಲ ಕುಮಾರಸ್ವಾಮಿಗಳು ಧಾರವಾಡದಲ್ಲಿ ವೀರಶೈವ ಮಹಾಸಭೆ ಕಟ್ಟಿದ್ದು! ಹಾನಗಲ್ಲಿಗೂ ಐಸ್ ಟೀಗೂ ಏನೋ ಋಣಾನುಬಂಧ ಇದೆ ಎಂದು ಹೇಳಿಯೂ ಬಿಟ್ಟೆ. ಅಷ್ಟರಲ್ಲಿ ಮಗಳು ಮುಂದೆ ಓದಿದಳು. ಆ ಕತೆ ಪೂರಾ ಖರೇ ಅಲ್ಲವಂತೆ. 1879ರಲ್ಲೇ ವರ್ಜೀನಿಯಾದ ಮೇರಿಯನ್ ಟೈರಿ ಎಂಬಾಕೆ ಹೊರತಂದ ಅಡುಗೆ ಪುಸ್ತಕದಲ್ಲಿ ಬರ್ಫು, ಲಿಂಬೆಹಣ್ಣು ಹಾಕಿದ ಚಾ ಮಾಡುವ ಬಗೆ ಅಚ್ಚಾಗಿತ್ತಂತೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ನಮ್ಮಾಕಿ ಅಲ್ಲಿಂದಲೇ ಕೂಗಿದಳು: "ಎಲ್ಲಾ ಕಡೆ ಇದ ಹಣೇಬಾರ. ಚಾ ಮಾಡಾಕಿ ಹೆಂಗಸು, ಹೆಸರು ಗಂಡಸಿಂದು."

ಮೊದಲ ಪ್ರಯೋಗಕ್ಕೆ ಮುಂಜಾನೆ ಉಳಿದಿದ್ದ ಹಾಲಿನ ಚಾವನ್ನೇ ತಂಬಿಗೆಗೆ ಸುರಿದು ಫ್ರಿಜ್ಜಿನಲ್ಲಿಟ್ಟೆ. ಎರಡು ತಾಸು ಬಿಟ್ಟು ತೆಗೆದರೆ ಮೇಲೆ ಕಂದು ಬಣ್ಣದ ಕೆನೆ, ಹಳೇ ಗಾಯದ ಹಕ್ಕಳೆಯ ಹಾಗೆ. ಲಿಂಬೆ ಹಿಂಡಿದರೆ ಚೆಂದ ಆದೀತೆಂದು ಹಿಂಡಿದೆ. ನನ್ನ ಕಣ್ಣ ಮುಂದೆಯೇ ಅದು ಒಡೆದು ಹಳಕು ಹಳಕಾಯಿತು. ಗಂಡನ ಬುದ್ಧಿಯ ಬಗ್ಗೆ ನಮ್ಮಾಕಿಗೆ ಮೂವತ್ತು ವರ್ಷದಿಂದ ಇದ್ದ ಅನುಮಾನಕ್ಕೆ ಅಂದು ಆಧಾರ ಸಿಕ್ಕಿತು. ಅದನ್ನು ಕರಿಬೇವಿನ ಗಿಡಕ್ಕೆ ಹಾಕಿದಳು. ಗಿಡ ಉಳಿದಿದೆ.

ಎರಡನೆಯ ಸಲ ಹಾಲು ಬಿಟ್ಟೆ. ನಮ್ಮ ಮಾಮೂಲು ಕಾಳುಕಾಳಿನ ಚಾಪುಡಿಯನ್ನೇ ಗಳಗಳ ಕುದಿಸಿದೆ. ಸೋಸಿದಾಗ ಕೆಂಪಗೆ, ಗ್ಲಾಸಿನ ಆಚೆ ಕಡೆಯ ಬೆರಳು ಕಾಣುವಷ್ಟು ತಿಳಿಯಾಗಿತ್ತು. ಫ್ರಿಜ್ಜಿನಿಂದ ತೆಗೆದಾಗ ಮೊದಲ ಮಳೆಯ ಮರುದಿನದ ಆನಿಕೆರೆಯ ನೀರಿನ ಹಾಗೆ ರಾಡಿ. ಕೆಟ್ಟಿತೆಂದು ತಿಳಿದೆ. ಕೆಟ್ಟಿರಲಿಲ್ಲ. ಚಾದ ಒಗರೂ ಅದರೊಳಗಿನ ಕೆಫೀನೂ ಬಿಸಿಯಲ್ಲಿದ್ದಾಗ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ತಣ್ಣಗಾದರೆ ಅವೆರಡೂ ತಬ್ಬಿಕೊಂಡು ಮುದ್ದೆಯಾಗಿ ನೀರಿನಲ್ಲಿ ತೇಲುತ್ತವೆ. ಕುಡಿದು ನೋಡಿದರೆ ನಾಲಿಗೆ ಒಣಗಿದ ಚರ್ಮದ ಹಾಗೆ ಸುಕ್ಕುಗಟ್ಟಿತು. ಈ ಕಾಳಿನ ಚಾಪುಡಿ ಇದಕ್ಕಲ್ಲ. ಎಲೆಯನ್ನು ಅರೆದು, ಹರಿದು, ಸುರುಳಿ ಸುತ್ತಿ ಕಾಳು ಮಾಡುವ ಯಂತ್ರ 1930ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿತು. ಆ ಪುಡಿ ಹಾಲಿನ ಜೊತೆ ಕುದಿಯಲೆಂದೇ ಇರುವಂಥದ್ದು, ಅದರ ಒಗರಿಗೆ ಹಾಲೇ ಕಡಿವಾಣ. ಹಾಲಿಲ್ಲದೆ ಬಿಟ್ಟರೆ ಅತ್ತೆಯಿಲ್ಲದ ಮನೆಯ ಸೊಸೆಯಂತೆ ಯಾರ ಮಾತೂ ಕೇಳುವುದಿಲ್ಲ.

ಬರ್ಫಿನ ಕತೆ ಬೇರೆ. ಕರೆಂಟಿನ ಕಣ್ಣಾಮುಚ್ಚಾಲೆಯಲ್ಲಿ ಫ್ರಿಜ್ಜಿನ ತಟ್ಟೆಯ ನೀರು ಗಟ್ಟಿಯಾಗುವಷ್ಟರಲ್ಲಿ ಮತ್ತೆ ಕರಗುತ್ತಿತ್ತು. ಪಕ್ಕದ ಮನೆಯ ಹುಡುಗನ ಕೈಯಲ್ಲಿ ಹತ್ತು ರೂಪಾಯಿ ಕೊಟ್ಟು ಸಂತೆಗೆ ಅಟ್ಟಿದೆ. ಚೀಲದ ತುಂಬ ತಂದ. ಎಲ್ಲಿಂದ ತಂದನೆಂದು ನಾನು ಕೇಳಲಿಲ್ಲ. ಚಾದಲ್ಲಿ ಹಾಕಿದ ಮೇಲೆ ಮೂಗೇ ಹೇಳಿತು. ಮೀನು ಮಾರುವವರು ಪುಣ್ಯಾತ್ಮರು, ಕೇಳಿದವರಿಗೆ ಇಲ್ಲ ಅನ್ನದೆ ಕೊಟ್ಟಿದ್ದರು. ನಮ್ಮಾಕಿ ಆ ಪಾತ್ರೆಯನ್ನು ಮೂರು ಸಲ ಬೂದಿ ಹಚ್ಚಿ ತಿಕ್ಕಿ, ನಾಲ್ಕನೆಯ ಸಲ ನನ್ನ ಕೈಯಲ್ಲಿ ತಿಕ್ಕಿಸಿದಳು.

ಕೊನೆಗೆ ದಾರಿ ತೋರಿದ್ದು ಮೂಲೆಯಲ್ಲಿದ್ದ ಹರವಿ. ಮಣ್ಣಿನ ಹರವಿಗೆ ಕರೆಂಟು ಬೇಡ. ಮೈಯೆಲ್ಲ ಸಣ್ಣ ರಂಧ್ರ, ಅಲ್ಲಿ ಜಿನುಗಿದ ನೀರು ಗಾಳಿಗೆ ಆರುತ್ತ ಒಳಗಿನ ಕಾವನ್ನು ಹೊತ್ತುಕೊಂಡು ಹೋಗುತ್ತದೆ. ಅದು ಬೆವರುತ್ತದೆ, ನೀರು ತಣ್ಣಗಾಗುತ್ತದೆ. ನಾನೂ ಬೆವರುತ್ತೇನೆ, ಯಾರಿಗೂ ಉಪಯೋಗವಿಲ್ಲ. ಎಲೆ ಎಲೆಯಾಗಿರುವ ಚಾ ತರಿಸಿ, ಲೀಟರಿಗೆ ಮೂರು ಚಮಚೆಯಂತೆ ಬಿಳಿ ಅರಿವೆಯಲ್ಲಿ ಸಡಿಲಾಗಿ ಗಂಟು ಕಟ್ಟಿ, ರಾತ್ರಿ ಮಲಗುವಾಗ ಕಾಯಿಸಿ ಆರಿಸಿದ ನೀರಿನ ಹರವಿಯೊಳಗೆ ಇಳಿಬಿಟ್ಟೆ. ಕುದಿಸುವ ಮಾತೇ ಇಲ್ಲ. ತಣ್ಣೀರು ಎಂಟು ತಾಸು ನಿಧಾನಕ್ಕೆ ಎಲೆಯಿಂದ ಬಣ್ಣ, ವಾಸನೆ ಎಳೆದುಕೊಳ್ಳುತ್ತದೆ. ಒಗರು ಮಾತ್ರ ಬಹುಪಾಲು ಎಲೆಯಲ್ಲೇ ಉಳಿಯುತ್ತದೆ. ಬೆಳಿಗ್ಗೆ ಗಂಟು ಎತ್ತಿದರೆ ರಾಡಿಯಿಲ್ಲ, ಕಹಿಯಿಲ್ಲ. ಸಕ್ಕರೆ ತಣ್ಣೀರಿನಲ್ಲಿ ಬೇಗ ಕರಗದೆ ತಳದಲ್ಲಿ ಕೂತು ಅಣಕಿಸುತ್ತದೆ, ಅದಕ್ಕೆ ಬೆಲ್ಲವನ್ನು ಮೊದಲೇ ಬಿಸಿನೀರಲ್ಲಿ ಕರಗಿಸಿ ಸೋಸಿದೆ. ಲಿಂಬೆಹಣ್ಣು ಬೇಸಗೆಯಲ್ಲಿ ಬಂಗಾರದ ಜೊತೆ ಪೈಪೋಟಿಗೆ ಬಿದ್ದಿರುತ್ತದೆ. ಆದರೆ ಹಾನಗಲ್ಲಿನವನಿಗೆ ಹುಳಿಗೆ ಬರವೇ? ಹಿತ್ತಲ ಮಾವಿನ ಗಿಡದ ನಾಲ್ಕು ಕಾಯಿ ಬೇಯಿಸಿ, ತಿರುಳು ಹಿಚುಕಿ, ರಸ ಬಿಟ್ಟೆ. ಆಗ ನೋಡಬೇಕಿತ್ತು. ಹುಳಿ ಬಿದ್ದಲ್ಲೆಲ್ಲ ಕಡುಗೆಂಪು ಚಾ ತಿಳಿಯಾಗುತ್ತ ಜೇನಿನ ಬಣ್ಣಕ್ಕೆ ತಿರುಗಿತು. ಒಂದು ಗಳಿಗೆ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತೆ. "ಕುಡೀತೀರೋ, ಆರತಿ ಮಾಡ್ತೀರೋ?" ಎಂದಳು ನಮ್ಮಾಕಿ. ಆದರೆ ಅವಳೇ ಎರಡು ಗ್ಲಾಸು ಕುಡಿದಳು, ಅದೂ ನಾನು ಅತ್ತ ತಿರುಗಿದಾಗ.

ಬಸವ ಜಯಂತಿಗೆ ನೆಂಟರು ಬಂದರು. ಬಂಕಾಪುರದ ಅತ್ತೆ, ಹಿರೇಕೆರೂರು ತಾಲೂಕಿನ ಅಬಲೂರಿನ ಸೋದರಮಾವ, ನನ್ನ ಜೊತೆ ಮೇಷ್ಟ್ರಾಗಿದ್ದ ಸವಣೂರಿನ ಸಾಹೇಬರು. ಮುಂಜಾನೆ ತಾರಕೇಶ್ವರನ ಗುಡಿಗೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಛತ್ತಿನ ಕಲ್ಲಿನ ಕಮಲ ನೋಡುತ್ತ ಭಕ್ತಿಪರವಶರಾಗಿದ್ದಾರೆಂದು ತಿಳಿದು ಕರೆಯಲು ಹೋದರೆ, ಅತ್ತೆ ಸೆರಗು ತಲೆದಿಂಬು ಮಾಡಿಕೊಂಡು ತಣ್ಣನೆಯ ಕಲ್ಲಿನ ಮೇಲೆ ಮಲಗಿದ್ದರು. ಎಬ್ಬಿಸಿ ಕರೆತಂದು ಹೋಳಿಗೆ ಊಟ ಮುಗಿಸಿ, ನಾಲ್ಕಕ್ಕೆ ಗ್ಲಾಸುಗಳನ್ನು ಮುಂದಿಟ್ಟೆ. ಅಂದು ಕರೆಂಟೂ ಇತ್ತು, ಬರ್ಫು ನಮ್ಮ ಮನೆಯದೇ.

ಅತ್ತೆ ಗ್ಲಾಸು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡರು. "ಏನ ತಮ್ಮಾ ಇದು?"

"ಚಾ, ಅತ್ತಿ."

"ಇದು? ಚಾ?" ಬಂಕಾಪುರ ಕೋಟೆಯ ನವಿಲು ಮೋಡ ಕಂಡಾಗ ಹಾಕುವ ಧ್ವನಿಯಲ್ಲಿ ಕೇಳಿದರು. "ನಾ ಏನ ತಪ್ಪ ಮಾಡೇನಿ?"

ಸಾಹೇಬರು ನವಾಬರ ಊರಿನವರು, ಅದಬು ಬಿಡಲಾರರು. ಇನ್ನೂ ತುಟಿಗೆ ತಾಗಿಸದೆಯೇ "ಭಾಳ ಛಲೋ ಆಗೇದ್ರೀ" ಎಂದರು. ಆಮೇಲೆ ಒಂದು ಗುಟುಕು ಕುಡಿದು, ತಾವು ತಂದಿದ್ದ ಸವಣೂರು ಖಾರಾದ ಪೊಟ್ಟಣ ಬಿಚ್ಚಿ, ಒಂದು ಮುಕ್ಕು ಬಾಯಿಗೆ ಹಾಕಿ ಮತ್ತೊಂದು ಗುಟುಕು ಕುಡಿದರು. ಈ ಸಲ ಹುಬ್ಬು ಮೇಲೇರಿತು. "ಮೇಡಂ, ನೀವೂ ಹಿಂಗ ತಗೊಂಡ ನೋಡ್ರಿ" ಎಂದು ಅತ್ತೆಯ ಕೈಗೆ ಖಾರಾ ಹಾಕಿ, ವಕಾಲತ್ತು ಶುರು ಮಾಡಿದರು. "ನಮ್ಮೂರಾಗ ದೊಡ್ಡ ಹುಣಸಿ ಮರ ಅದಾವಲ್ರೀ, ಒಬ್ಬಿಬ್ಬರು ಕೈ ಹಿಡಿದು ನಿಂತ್ರೂ ತಬ್ಬಾಕ ಆಗದಂಥವು. ಅವು ಮೂಲದಾಗ ಆಫ್ರಿಕಾದ ಗಿಡ. ಈಗ ಯಾರರೆ ಅವನ್ನ ಪರದೇಶದವು ಅಂತಾರೇನು? ಸವಣೂರಿನವು ಅಂತಾರ. ಹಂಗ ಇದೂನೂ ನಾಕ್ ಬ್ಯಾಸಗಿ ಕಳದ್ರ ಹಾನಗಲ್ಲಿಂದ ಆಗತದ." ಅತ್ತೆ ಖಾರಾ ತಿಂದರು, ಕುಡಿದರು. ಗ್ಲಾಸು ಖಾಲಿ ಮಾಡಿ, "ಪಾನಕ ಅಂತ ಕೊಟ್ಟಿದ್ರ ಏನೂ ಅಂತಿದ್ದಿಲ್ಲ ನಾ. ಚಾ ಅನ್ನಬ್ಯಾಡ" ಎಂದು ರಾಜಿಗೆ ಬಂದರು.

ಮಾವ ಇನ್ನೂ ಮಾತಾಡಿರಲಿಲ್ಲ. ಸರ್ವಜ್ಞನ ತಾಯಿಯ ಊರಿನವರೆಂಬ ಅಭಿಮಾನಕ್ಕೋ ಏನೋ, ಯಾವ ಮಾತನ್ನೂ ಅವರು ಮೂರು ಸಾಲಿಗಿಂತ ಉದ್ದ ಬೆಳೆಸುವುದಿಲ್ಲ. ಗ್ಲಾಸನ್ನು ಅರ್ಧಕ್ಕೆ ಇಳಿಸಿ ಹೇಳಿದರು: "ತಂಪ ಐತಿ. ಸಿಹಿ ಐತಿ. ಚಾ ಎಲ್ಲೈತಿ?"

ಅದು ನಮ್ಮಾಕಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ಆ ಮಾತು ಮುಗಿಯುವುದರೊಳಗೆ ಶುಂಠಿ ಜಜ್ಜಿ ಹಾಕಿದ ಹಾಲಿನ ಚಾದ ಕಪ್ಪು-ಬಸಿಗಳು ತಟ್ಟೆಯಲ್ಲಿ ಹೊರಬಂದವು. ಎಲ್ಲರ ಮುಖದಲ್ಲೂ ಹಬ್ಬ. ಬಸಿಗೆ ಸುರಿಯುವ ಸಪ್ಪಳ, ಊದುವ ಸಪ್ಪಳ, ಆಮೇಲೆ ಆ ಪರಿಚಿತ ಸೊರ್‌ ಸೊರ್. ಈ ಬಸಿಯನ್ನು ಹಳ್ಳಿ ಪದ್ಧತಿ ಎಂದು ಮಗಳು ನಗುತ್ತಾಳೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನವರೂ ಹೀಗೆಯೇ ಸುರಿದುಕೊಂಡು ಕುಡಿಯುತ್ತಿದ್ದರೆಂದು ಅವಳಿಗೆ ಹೇಳಬೇಕೆಂದಿದ್ದೆ.

ಅಷ್ಟರಲ್ಲಿ ಮಾವನಿಗೆ ಹಿರೇಕೆರೂರಿನ ಬಸ್ಸು ನೆನಪಾಯಿತು. ಐದಕ್ಕೆ ಹತ್ತು ಮಿನಿಟು ಬಾಕಿ. ಬಸಿಯ ಚಾ ಇನ್ನೂ ಹೊಗೆಯಾಡುತ್ತಿತ್ತು. ಎರಡು ಸಲ ಊದಿದರು, ತುಟಿ ತಾಗಿಸಿ ಸುಟ್ಟುಕೊಂಡರು, ಗಡಿಯಾರ ನೋಡಿದರು. ಆಮೇಲೆ ಬಿಟ್ಟಿಟ್ಟಿದ್ದ ನನ್ನ ಗ್ಲಾಸಿಗೆ ಎರಡು ಬೆರಳು ಇಳಿಸಿ, ಕರಗದೆ ಉಳಿದಿದ್ದ ಬರ್ಫಿನ ತುಂಡೊಂದನ್ನು ಎತ್ತಿ ಬಸಿಯ ಬಿಸಿ ಚಾಕ್ಕೆ ಹಾಕಿಕೊಂಡರು. ಅದು ಒಂದು ಸುತ್ತು ತಿರುಗಿ ಕರಗಿತು. ಒಂದೇ ಗುಟುಕಿಗೆ ಬಸಿ ಖಾಲಿ ಮಾಡಿ, ಧೋತರದ ಚುಂಗಿನಿಂದ ಮೀಸೆ ಒರೆಸಿಕೊಂಡು, "ಈಗ ಆತ ನೋಡ ಅಳಿಯಾ, ನಿನ್ನ ಐಸ್ ಚಾ" ಎಂದು ಚಪ್ಪಲಿ ಮೆಟ್ಟಿದರು.