ತೊಡೆಮೇಲಿನ ಪ್ರಯಾಣಿಕ

ರಾಯರು: ಹಲೋ, ಸಿಂಗಪುರದ ಕ್ರೂಸ್‌ಗೆ ಇಬ್ಬರ ಬುಕಿಂಗ್ ಇತ್ತಲ್ಲಮ್ಮ, ಅದಕ್ಕೊಂದು ಮಗು ಸೇರಿಸಬೇಕಿತ್ತು.

ಬುಕಿಂಗ್‌ನವಳು: ಆವಾಗಲೇ ಯಾಕೆ ಹೇಳಲಿಲ್ಲ ಸಾರ್?

ರಾಯರು: ಆವಾಗ ಹುಟ್ಟಿರಲಿಲ್ಲ.

ಬುಕಿಂಗ್‌ನವಳು: ಹಡಗು ಹತ್ತೋ ದಿನಕ್ಕೆ ಆರು ತಿಂಗಳು ತುಂಬಿರುತ್ತಾ?

ರಾಯರು: ಏಳು ತುಂಬಿರುತ್ತೆ. ಅನ್ನಪ್ರಾಶನವೂ ಮುಗಿದಿರುತ್ತೆ.

ಬುಕಿಂಗ್‌ನವಳು: ಅದಕ್ಕೆ ಫಾರಂನಲ್ಲಿ ಜಾಗ ಇಲ್ಲ. ಮಹಾಸಾಗರ ದಾಟೋ ಯಾನವಾಗಿದ್ರೆ ಒಂದು ವರ್ಷ ಕೇಳ್ತಿದ್ವಿ, ಬಚಾವಾದ್ರಿ. ಪಾಸ್‌ಪೋರ್ಟ್?

ರಾಯರು: ಇದೆ. ಫೋಟೋಗೆ ಅವನ ಕಣ್ಣು ಬಿಡಿಸೋಕೆ ಮೂರು ತಲೆಮಾರು ಸೇರಿ ಗಿಲಕಿ ಆಡಿಸಿದ್ವಿ.

ಬುಕಿಂಗ್‌ನವಳು: ಕ್ಯಾಬಿನ್‌ನಲ್ಲಿ ಜಾಗ ಇದೆ ಸಾರ್. ಲೈಫ್‌ಬೋಟ್‌ನಲ್ಲಿ ಇಲ್ಲ.

ರಾಯರು: ತೊಡೆಮೇಲೆ ಕೂರಿಸ್ಕೋತೀವಿ! ಕೆಂಪು ಬಸ್ಸಲ್ಲಿ ನಾನೂ ಹಾಗೇ ಬೆಳೆದವನು.

ಬುಕಿಂಗ್‌ನವಳು: 1912ರಲ್ಲಿ ಟೈಟಾನಿಕ್ ಮುಳುಗಿತಲ್ಲ, ಆಮೇಲೆ ಬಂದ ನಿಯಮ ಸಾರ್. ಮಗು ಆದರೂ ಒಂದು ತಲೆ, ಒಂದು ಜಾಗ. ಅಳತೆಗೆ ತಕ್ಕ ಲೈಫ್‌ಜಾಕೆಟ್ ಬೇರೆ.

(ಮುಳುಗುವಾಗ ಇಷ್ಟು ಮರ್ಯಾದೆ ಸಿಗುವ ಕೂಸಿಗೆ ತೇಲುವಾಗ ಏನು ಸಿಗುತ್ತೆ, ಕೇಳಿ.)

ರಾಯರು: ಈಜುಕೊಳಕ್ಕೆ ಇಳಿಸಬಹುದಾ?

ಬುಕಿಂಗ್‌ನವಳು: ಡಯಾಪರ್ ಹಾಕಿದವರಿಗೆ ಇಲ್ಲ.

ರಾಯರು: ಬಫೆ?

ಬುಕಿಂಗ್‌ನವಳು: ಎಷ್ಟು ಬೇಕಾದ್ರೂ ತಿನ್ನಬಹುದು.

ರಾಯರು: ಹಲ್ಲೇ ಬಂದಿಲ್ವಲ್ಲಮ್ಮ!

ಬುಕಿಂಗ್‌ನವಳು: ಅದಕ್ಕೆ ರಿಯಾಯಿತಿ ಇಲ್ಲ. ಬಂದರು ಶುಲ್ಕ, ತೆರಿಗೆ ಪೂರ್ತಿ. ಆಂ... ಸಾರ್, ಈಗಷ್ಟೇ ಯಾರೋ ಕ್ಯಾನ್ಸಲ್ ಮಾಡಿದ್ರು! ಮಗು ಸೇರಿಸಿಬಿಡ್ಲಾ?

ರಾಯರು: ಒಂದ್ನಿಮಿಷ... ಮಗು ನೋಡ್ಕೊಳ್ಳೋಕೆ ನಮ್ಮತ್ತೆಯೂ ಬರ್ತಾರಂತೆ. ಅವರನ್ನೂ ಸೇರಿಸಿ.

ಬುಕಿಂಗ್‌ನವಳು: ಹತ್ತೋ ದಿನಕ್ಕೆ ಅವರಿಗೆ ಆರು ತಿಂಗಳು ತುಂಬಿರುತ್ತಾ ಸಾರ್?